ಅಭಿಮಾನ ಮತ್ತು ಅಭಿಷೇಕ

ಕನ್ನಡದಲ್ಲಿ ‘ಅಭಿಮಾನ’ ಎಂಬ ಶಬ್ದಕ್ಕೆ ಒದಗಿರುವ ಅರ್ಥವ್ಯಾಪ್ತಿ ವಿಲಕ್ಷಣವಾದುದು. ಶಾಸ್ತ್ರದಲ್ಲಿ ಅದು ಮಾನಕಷಾಯದ ಮಗ್ಗುಲಲ್ಲಿ ನಿಲ್ಲುತ್ತದೆ. ಗರ್ವ, ಅಹಂಕಾರ, ‘ತಾನು’ ಎಂಬ ಉಬ್ಬು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಮನೆಮಾತಿನಲ್ಲಾದರೋ ಅದೇ ಶಬ್ದವು ಪ್ರೀತಿಯಾಗಿದೆ, ಮೆಚ್ಚುಗೆಯಾಗಿದೆ; ಭಾಷಾಭಿಮಾನ, ದೇಶಾಭಿಮಾನಗಳಲ್ಲಿ ಸದ್ಗುಣವೇ ಆಗಿದೆ. ‘ಅವರಿಗೆ ನಮ್ಮ ಮನೆಯ ಮೇಲೆ ಬಹಳ ಅಭಿಮಾನ’ ಎಂದು ಹೇಳುವ ಗೃಹಿಣಿಗೆ ಕಷಾಯದ ನೆನಪು ಬರುವುದಿಲ್ಲ, ಬರಬೇಕಾದ ಅಗತ್ಯವೂ ಇಲ್ಲ. ಈ ಎರಡು ಅರ್ಥಗಳೂ ಏಕಕಾಲಕ್ಕೆ ಒಬ್ಬನೇ ವ್ಯಕ್ತಿಯಲ್ಲಿ ಕೂಡಿ ಕಾಣುವುದು ‘ಅಭಿಮಾನಿ’ಯಲ್ಲಿ. ನಟನೊಬ್ಬನ, ಆಟದ ತಂಡವೊಂದರ ಅಭಿಮಾನಿ. ಅವನಲ್ಲಿ ಪ್ರೀತಿ ಎಲ್ಲಿ ಮುಗಿಯುತ್ತದೆ, ಮಾನ ಎಲ್ಲಿ ಮೊದಲಾಗುತ್ತದೆ ಎಂಬುದು ಅವನಿಗೂ ತಿಳಿಯದು, ನೋಡುವವರಿಗೂ ತಿಳಿಯದು. ತಿಳಿಯದಿರುವುದರಿಂದ ಆಗಾಗ ಪ್ರಾಣಹಾನಿಯೂ ಆಗುತ್ತಿರುವುದರಿಂದ ಈ ವಿಷಯವನ್ನು ಹುಡುಗಾಟವೆಂದು ತಳ್ಳಿಹಾಕುವುದು ಸರಿಯಲ್ಲ.

ಡಾ. ರಾಜ್‌ಕುಮಾರ್ ತಮ್ಮ ಪ್ರೇಕ್ಷಕರನ್ನು ‘ಅಭಿಮಾನಿ ದೇವರುಗಳೇ’ ಎಂದು ಸಂಬೋಧಿಸುತ್ತಿದ್ದುದು ಸರ್ವವಿದಿತ. ಪೂಜಿಸಿಕೊಳ್ಳಬೇಕಾದವನು ಪೂಜಿಸುವವನನ್ನೇ ದೇವರೆಂದು ಕರೆದ ಈ ವ್ಯತ್ಯಯವನ್ನು ಕೇವಲ ವಿನಯದ ಮಾತೆಂದು ಬಗೆದವರೇ ಹೆಚ್ಚು. ಆದರೆ ಅದರೊಳಗೆ ಒಂದು ಎಚ್ಚರವೂ ಅಡಗಿದೆ. ತನ್ನ ಕೊರಳಿಗೆ ಬಿದ್ದ ಹಾರವನ್ನು ತೆಗೆದು ಹಾರ ಹಾಕಿದವನ ಕೊರಳಿಗೇ ಹಾಕುವಂಥ ಉಪಾಯ ಅದು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟನಾಗಿ ಮೊದಲ್ಗೊಂಡು ಇನ್ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ನಟಿಸಿದ ಆ ಕಲಾವಿದನಿಗೆ ಪೂಜೆಯ ಭಾರ ಎಷ್ಟೆಂಬುದು ಪೂಜೆ ಮಾಡುವವರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.

ದೇವರೆಂದು ಕರೆಸಿಕೊಂಡವರು ಮಾಡಿದ್ದೇನು? ಅಭಿಷೇಕ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ, ಜಿಲ್ಲಾ ಕೇಂದ್ರಗಳ ಟಾಕೀಸುಗಳ ಮುಂದೆ, ಹೊಸ ಚಿತ್ರ ತೆರೆಕಾಣುವ ಬೆಳಗ್ಗೆ ನಡೆಯುವ ವಿಧಿ ಎಲ್ಲರೂ ಕಂಡದ್ದೇ. ನಾಲ್ಕಾಳೆತ್ತರದ ಕಟೌಟು, ಅದಕ್ಕೆ ಕ್ರೇನಿನಿಂದ ಏರಿಸಿದ ಹೂವಿನ ಹಾರ, ಕುಂಬಳಕಾಯಿ, ಕರ್ಪೂರ, ಪಟಾಕಿ. ಕೊನೆಗೆ ಏಣಿಯೇರಿದ ಯುವಕರು ಹಲ್ಲಿನಿಂದ ಪ್ಯಾಕೆಟ್ಟು ಹರಿದು ಬಣ್ಣದ ಮೊಗದ ಮೇಲೆ ಸುರಿಯುವ ಹಾಲು. ಯಾವ ಪುರೋಹಿತನೂ ಹೇಳಿಕೊಡದ ಈ ವಿಧಿಯ ಒಂದೊಂದು ಅಂಗವೂ ದೇವಾಲಯದಿಂದ, ಬಸದಿಯಿಂದ ಎರವಲು ತಂದದ್ದು. ಆದ್ದರಿಂದಲೇ ಅದರ ವಿಮರ್ಶೆಯನ್ನು ಅಭಿಷೇಕದ ಪರಂಪರೆ ಬಲ್ಲವರು ಮಾಡುವುದು ಉಚಿತ.

ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ ಹಾಲಿನ ಅಪವ್ಯಯದ್ದು. ಹಸಿದ ಮಕ್ಕಳಿರುವ ನಾಡಿನಲ್ಲಿ ಹಲಗೆಗೆ ಹಾಲೆರೆಯುವುದು ಪಾಪವೆಂದು ಹಿರಿಯರು ಹೇಳುತ್ತಾರೆ. ಮಾತು ಸತ್ಯವೇ ಆದರೂ ದುರ್ಬಲ. ಪ್ಯಾಕೆಟ್ಟು ಹಿಡಿದ ಹುಡುಗ ತಿರುಗಿ, ‘ಹನ್ನೆರಡು ವರ್ಷಕ್ಕೊಮ್ಮೆ ವಿಂಧ್ಯಗಿರಿಯ ಮೇಲೆ ನಡೆಯುವುದೇನು?’ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಉತ್ತರವಿಲ್ಲವೆಂದಲ್ಲ, ಇದೆ, ಆದರೆ ಅದು ಹಾಲಿನ ಲೆಕ್ಕದಲ್ಲಿಲ್ಲ. 58 ಅಡಿಯ ಬಾಹುಬಲಿ ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟವನು. ಎರೆದ ಕ್ಷೀರವಾಗಲಿ ಚಂದನವಾಗಲಿ ಅವನಿಗೆ ಏನನ್ನೂ ಕೂಡಿಸುವುದಿಲ್ಲ, ಎರೆಯದಿದ್ದರೆ ಏನೂ ಕಳೆಯುವುದಿಲ್ಲ. ವೀತರಾಗನ ಮುಂದೆ ನಿಂತವನಿಗೆ ತನ್ನ ರಾಗವೇ ಎದ್ದು ಕಾಣುತ್ತದೆ. ಕಟೌಟಿನ ಮುಂದೆ ನಿಂತವನಿಗೆ ಹಾಗಾಗುವುದಿಲ್ಲ. ಅಲ್ಲಿ ಎರೆಯುವವನಿಗೂ ಎರೆಸಿಕೊಳ್ಳುವವನಿಗೂ ಲೆಕ್ಕವಿದೆ: ಮೊದಲ ದಿನದ ಗಳಿಕೆ ಎಷ್ಟು, ಎದುರು ಬಣದವರ ಕಟೌಟು ಎಷ್ಟು ಎತ್ತರ.

ಇಷ್ಟು ಹೇಳಿ ನಿಶ್ಚಿಂತರಾಗುವಂತಿಲ್ಲ. ಲೆಕ್ಕವು ಬೆಟ್ಟವನ್ನೂ ಏರಿದೆ ಎಂಬುದನ್ನು ಧರ್ಮಸಂಸ್ಥೆಗಳ ವಿಶ್ವಸ್ಥರು ಬಲ್ಲರು. ಪ್ರಥಮ ಕಳಶದ ಸೌಭಾಗ್ಯ ಯಾರದು, ಅದಕ್ಕೆ ಸಂದ ಕಾಣಿಕೆ ಎಷ್ಟು ಎಂಬುದು ಪ್ರತಿ ಮಹಾಮಸ್ತಕಾಭಿಷೇಕದಲ್ಲಿಯೂ ವೃತ್ತಪತ್ರಿಕೆಗಳ ವಾರ್ತೆಯಾಗುತ್ತದೆ. ಆ ದ್ರವ್ಯದಿಂದ ಆಸ್ಪತ್ರೆಗಳೂ ಶಾಲೆಗಳೂ ಆಗಿವೆ ಎಂಬುದು ನಿಜ, ಅದನ್ನು ಅಲ್ಲಗಳೆಯಲಾಗದು. ಆದರೂ ಎಷ್ಟೋ ಸಭಾಭವನಗಳಲ್ಲಿ ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಕೂಡ ದಾನಿಯ ಹೆಸರಿರುತ್ತದೆ, ಮತ್ತು ಅದನ್ನು ಓದಬೇಕಾದರೆ ಫ್ಯಾನನ್ನು ನಿಲ್ಲಿಸಬೇಕು. ಚಾವುಂಡರಾಯನ ಕೊಡಗಳ ಹಾಲು ಮೂರ್ತಿಯ ಸೊಂಟದಿಂದ ಕೆಳಗಿಳಿಯದಿದ್ದಾಗ ಗುಳ್ಳಕಾಯಜ್ಜಿಯ ಒಂದು ಗುಳ್ಳಕಾಯಿಯ ಹಾಲು ಪಾದವನ್ನು ಮುಟ್ಟಿತೆಂಬ ಐತಿಹ್ಯವನ್ನು ಯಾವ ಓದುಗರಿಗೂ ಮತ್ತೆ ಹೇಳಬೇಕಾಗಿಲ್ಲ. ಆ ಕಥೆಯಲ್ಲಿ ಗಮನಿಸಬೇಕಾದುದು ಒಂದೇ: ಅಜ್ಜಿಯ ಹಾಲನ್ನು ಯಾರೂ ಅಳೆದಿರಲಿಲ್ಲ.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಎಂಟು ಮದಗಳನ್ನು ಎಣಿಸುತ್ತದೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ರೂಪ. ಇವೆಲ್ಲವೂ ತನಗೆ ಇರುವುದನ್ನು ಕುರಿತು ಬರುವ ಮದಗಳು. ವಿದ್ವಾಂಸನಿಗೆ ವಿದ್ಯೆಯಾದರೂ ಇದೆ, ಸಿರಿವಂತನಿಗೆ ಸಿರಿಯಾದರೂ ಇದೆ. ಅಭಿಮಾನಿಯ ಮದ ಇವುಗಳಲ್ಲಿ ಯಾವುದಕ್ಕೂ ಸೇರದು. ಅವನದು ಎರವಿನ ಮದ. ಮತ್ತೊಬ್ಬನ ಬಲ, ಮತ್ತೊಬ್ಬನ ರೂಪ, ಮತ್ತೊಬ್ಬನಿಗೆ ಸಂದ ಪೂಜೆ ಇವುಗಳ ಮೇಲೆ ಕಟ್ಟಿಕೊಂಡದ್ದು. ಎರವಿನ ಒಡವೆ ತೊಟ್ಟವಳು ಮದುವೆಮನೆಯಲ್ಲಿ ಕ್ಷಣಕ್ಷಣಕ್ಕೂ ಕೊರಳು ಮುಟ್ಟಿ ನೋಡಿಕೊಳ್ಳುತ್ತಾಳೆ. ಅಭಿಮಾನಿಯೂ ಹಾಗೆಯೇ, ತನ್ನ ನಾಯಕನ ಕೀರ್ತಿ ಇನ್ನೂ ಇದೆಯೇ, ಕುಂದಿತೇ ಎಂದು ಸದಾ ಮುಟ್ಟಿ ನೋಡಿಕೊಳ್ಳಬೇಕು. ನಾಯಕನಿಗೆ ಆದ ಅವಮಾನವನ್ನು ನಾಯಕ ಮರೆತಾನು, ಅಭಿಮಾನಿ ಮರೆಯಲಾರ. ಏಕೆಂದರೆ ನಾಯಕನಿಗೆ ಬೇರೆ ಆಸ್ತಿಯಿದೆ, ಇವನಿಗಿರುವುದು ಅದೊಂದೇ.

ಅಂತರ್ಜಾಲವು ಈ ಮುಟ್ಟಿ ನೋಡಿಕೊಳ್ಳುವ ಚಟಕ್ಕೆ ಕೈಗನ್ನಡಿಯೊಂದನ್ನು ಕೊಟ್ಟಿತು. ಮೊದಲಾದರೆ ಚಿತ್ರವೊಂದು ನೂರು ದಿನ ಓಡಿತೇ ಎಂಬುದನ್ನು ನೂರು ದಿನ ಕಾದು ತಿಳಿಯಬೇಕಾಗಿತ್ತು. ಈಗ ಚಿತ್ರದ ತುಣುಕು ಹೊರಬಿದ್ದ ಒಂದು ಗಂಟೆಯಲ್ಲಿ ಎಷ್ಟು ಲಕ್ಷ ಮಂದಿ ನೋಡಿದರೆಂಬ ಅಂಕಿ ಅಂಗೈಯಲ್ಲಿ ಏರುತ್ತಿರುತ್ತದೆ. ಏರಿಸುವ ಕೆಲಸವೂ ಅಭಿಮಾನಿಯದೇ. ರಾತ್ರಿಯಿಡೀ ಎಚ್ಚರವಿದ್ದು ಒಂದೇ ತುಣುಕನ್ನು ಮತ್ತೆ ಮತ್ತೆ ಚಾಲೂ ಮಾಡುವ, ಒಂದೇ ಘೋಷವಾಕ್ಯವನ್ನು ಸಾವಿರ ಸಲ ಬರೆಯುವ ಹುಡುಗರಿದ್ದಾರೆ. ಇದನ್ನು ಜಪವೆನ್ನುವಂತಿಲ್ಲ, ಏಕೆಂದರೆ ಜಪದಲ್ಲಿ ಮಣಿ ಎಣಿಸುವುದು ಮನಸ್ಸು ನಿಲ್ಲಲೆಂದು. ಇಲ್ಲಿ ಎಣಿಸುವುದು ಎದುರಾಳಿಯ ಮನಸ್ಸು ಉರಿಯಲೆಂದು. ಹೆಸರು ಮರೆಸಿಕೊಂಡು ಬೈಯುವುದು ಸುಲಭವಾದಾಗ ಮಾನದ ಬೆನ್ನಿಗೆ ಮಾಯೆ ಬರುತ್ತದೆ, ಮಾಯೆಯ ಬೆನ್ನಿಗೆ ಕ್ರೋಧ. ಮನೆಯಲ್ಲಿ ತಗ್ಗಿ ಮಾತನಾಡುವ ಮಗ ಅಲ್ಲಿ ಅಪರಿಚಿತ ಹೆಣ್ಣುಮಗಳೊಬ್ಬಳಿಗೆ ಏನು ಬರೆದನೆಂಬುದು ತಾಯಿತಂದೆಯರಿಗೆ ತಿಳಿಯುವುದೇ ಇಲ್ಲ.

ಆದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸುವುದು ಅನ್ಯಾಯವಾದೀತು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದಾಗ ಅಂಗೈಯಲ್ಲಿ ಅಂತರ್ಜಾಲವಿದ್ದವರು ವಿರಳ. ಅಂದೂ ಮರುದಿನವೂ ಬೆಂಗಳೂರಿನಲ್ಲಿ ನಡೆದದ್ದನ್ನು ಕಂಡವರು ಮರೆತಿಲ್ಲ. ಅಂತಿಮ ದರ್ಶನಕ್ಕೆಂದು ಬಂದ ಜನಸಾಗರ ಹತೋಟಿ ತಪ್ಪಿತು. ಕಲ್ಲು ತೂರಾಟ ನಡೆಯಿತು, ವಾಹನಗಳು ಸುಟ್ಟವು, ಗೋಲಿಬಾರ್ ಆಯಿತು. ಕರ್ತವ್ಯದ ಮೇಲಿದ್ದ ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಆ ವರ್ಷದ ಫೆಬ್ರುವರಿಯಲ್ಲಿಯೇ ಶ್ರವಣಬೆಳಗೊಳದಲ್ಲಿ ಶತಮಾನದ ಮೊದಲ ಮಹಾಮಸ್ತಕಾಭಿಷೇಕ ನಡೆದಿತ್ತು. ಎರಡು ತಿಂಗಳ ಅಂತರದಲ್ಲಿ ಒಂದೇ ನಾಡು ಎರಡು ಬಗೆಯ ಜನಸಂದಣಿಯನ್ನು ಕಂಡಿತು. 1982ರ ಗೋಕಾಕ್ ಚಳವಳಿಯಲ್ಲಿ ಇದೇ ನಟನ ಹಿಂದೆ ಇದೇ ಅಭಿಮಾನಿಗಳು ಊರೂರು ನಡೆದು ಕನ್ನಡಕ್ಕೆ ಶಾಲೆಯಲ್ಲಿ ಸ್ಥಾನ ಕೇಳಿದ್ದರೆಂಬುದನ್ನು ನೆನೆದರೆ ಸಂಕಟ ಇಮ್ಮಡಿಯಾಗುತ್ತದೆ. ಶಕ್ತಿ ಅದೇ. ನಾಯಕ ಮುಂದೆ ನಿಂತು ಗುರಿ ತೋರಿಸಿದಾಗ ಒಂದು ರೀತಿ, ನಾಯಕನೇ ಇಲ್ಲವಾದಾಗ ಇನ್ನೊಂದು ರೀತಿ. ‘ನಮ್ಮ ಅಣ್ಣನನ್ನು ನಮ್ಮಿಂದ ಬಚ್ಚಿಟ್ಟರು’ ಎಂಬ ಭಾವವೇ ಅಂದಿನ ರೋಷದ ಬೇರು. ಆ ‘ನಮ್ಮ’ ಎಂಬುದು ಎಷ್ಟು ಗಟ್ಟಿಯಾಗಿತ್ತೆಂದರೆ ಹೆಂಡತಿ ಮಕ್ಕಳ ದುಃಖಕ್ಕೆ ಅದು ಎಡೆಯನ್ನೇ ಬಿಡಲಿಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮಮತ್ವದಲ್ಲಿ ಹುಡುಕಿದುದು ಏಕೆಂದು ತಿಳಿಯಬಯಸುವವರಿಗೆ ಆ ಎರಡು ದಿನಗಳಿಗಿಂತ ಬೇರೆ ಭಾಷ್ಯ ಬೇಡ.

2024ರ ಜನವರಿ 8ರ ಪ್ರಸಂಗ ಇನ್ನೂ ಸಣ್ಣದು, ಇನ್ನೂ ಕರುಣಾಜನಕ. ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ, ಪಂಪ ತನ್ನ ತಿರುಳ್ಗನ್ನಡಕ್ಕೆ ನೆಲೆಯೆಂದು ಹೆಸರಿಸಿದ ಪುಲಿಗೆರೆಯ ಸೀಮೆಯಲ್ಲಿ, ನಟ ಯಶ್ ಅವರ ಹುಟ್ಟುಹಬ್ಬಕ್ಕೆಂದು ಕಟೌಟು ನಿಲ್ಲಿಸುತ್ತಿದ್ದ ಮೂವರು ತರುಣರು ವಿದ್ಯುತ್ ತಗುಲಿ ಮೃತಪಟ್ಟರು. ಅಲ್ಲಿ ದ್ವೇಷವಿರಲಿಲ್ಲ, ಕಲ್ಲು ತೂರಾಟವಿರಲಿಲ್ಲ; ಪ್ರೀತಿ ಮಾತ್ರವಿತ್ತು, ಮತ್ತು ಆ ಪ್ರೀತಿಗೆ ಎತ್ತರ ಬೇಕಾಗಿತ್ತು. ಊರಿಗೆ ಬಂದು ಮನೆಯವರನ್ನು ಕಂಡ ನಟ ಇಂತಹ ಅಭಿಮಾನ ತಮಗೆ ಬೇಡವೆಂದು ಕೇಳಿಕೊಂಡರು. ಮಾತು ಪ್ರಾಮಾಣಿಕವಾದುದೆಂದೇ ಭಾವಿಸೋಣ. ಆದರೂ ಕಟೌಟುಗಳ ಎತ್ತರದಿಂದಲೇ ತಾರೆಯ ಬೆಲೆ ಕಟ್ಟುವ ಉದ್ಯಮವೊಂದು ಇರುವವರೆಗೆ ಒಬ್ಬ ನಟನ ವಿನಂತಿ ಎಷ್ಟು ದೂರ ಕೇಳಿಸೀತು?

ಇನ್ನು ಕ್ರಿಕೆಟ್ಟಿನ ಮಾತು. 2008ರಲ್ಲಿ ಐಪಿಎಲ್ ಪಂದ್ಯಾವಳಿ ಆರಂಭವಾದಂದಿನಿಂದ ಬೆಂಗಳೂರಿನ ತಂಡ 2009, 2011, 2016 ಹೀಗೆ ಮೂರು ಸಲ ಅಂತಿಮ ಪಂದ್ಯಕ್ಕೆ ಬಂದು ಸೋತಿತು. ಸೋಲಿನ ಈ ದೀರ್ಘಕಾಲದಲ್ಲಿ ಹುಟ್ಟಿದ ‘ಈ ಸಲ ಕಪ್ ನಮ್ದೇ’ ಎಂಬ ಘೋಷವಾಕ್ಯ ಕನ್ನಡದ ನಗೆಗೆ ಸಂದ ಒಂದು ಸೊಗಸಾದ ಕಾಣಿಕೆ. ಪ್ರತಿ ವರ್ಷ ಹೇಳುವುದು, ಪ್ರತಿ ವರ್ಷ ಸೋಲುವುದು, ಮತ್ತೆ ಹೇಳುವುದು. ಎದುರಾಳಿಗಳು ಅಣಕಿಸುವ ಮೊದಲೇ ತಾವೇ ತಮ್ಮನ್ನು ಅಣಕಿಸಿಕೊಂಡ ಆ ಅಭಿಮಾನಿಗಳಲ್ಲಿ ಮಾನಕಷಾಯ ಎಷ್ಟೋ ಕರಗಿತ್ತು. ಸೋಲನ್ನು ಕೂಡಿ ಹಂಚಿಕೊಂಡು ನಗುವ ಸಮುದಾಯ ಅಪರೂಪ; ಅಂತರ್ಜಾಲವು ಕನ್ನಡಿಗರಿಗೆ ಕೊಟ್ಟ ಒಳ್ಳೆಯ ಸಂಗತಿಗಳಲ್ಲಿ ಅದನ್ನು ಧಾರಾಳವಾಗಿ ಸೇರಿಸಬಹುದು. 2025ರ ಜೂನ್ 3ರಂದು ಕಪ್ ನಿಜಕ್ಕೂ ಬಂದಿತು. ಮರುದಿನ, ಸುಮಾರು 35,000 ಜನ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳೆಡೆಗೆ ಲಕ್ಷಗಟ್ಟಲೆ ಜನ ನುಗ್ಗಿದಾಗ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಎಳೆಯರು. ವ್ಯವಸ್ಥೆಯ ಲೋಪ ಯಾರದೆಂಬ ವಿಚಾರ ನ್ಯಾಯಾಲಯಗಳಿಗೆ ಸೇರಿದ್ದು. ಆದರೆ ಅಷ್ಟು ವರ್ಷ ಹಾಸ್ಯದ ಬಲದಿಂದ ಹಗುರವಾಗಿದ್ದ ಆ ‘ನಮ್ದೇ’, ಗೆಲುವು ಕೈಸೇರಿದ ಒಂದೇ ಹಗಲಿನಲ್ಲಿ ಎಷ್ಟು ಭಾರವಾಯಿತೆಂಬುದನ್ನು ವಿಮರ್ಶಕರು ಗಮನಿಸದೆ ಇರಲಾಗದು.

ಇದನ್ನೆಲ್ಲ ಓದಿ, ಯಾವುದರಲ್ಲಿಯೂ ಆಸಕ್ತಿಯೇ ಬೇಡವೆಂದು ಮಕ್ಕಳಿಗೆ ಹೇಳುವ ಹಿರಿಯರು ಉಂಟು. ಅದು ವೈರಾಗ್ಯವಲ್ಲ, ಬೇಸರ. ಚಿಕ್ಕ ಚಿಕ್ಕ ಹವ್ಯಾಸಗಳಲ್ಲಿ ಮನಸ್ಸು ತೊಡಗುವ ರೀತಿಯೇ ಬೇರೆ. ಹಿಂದೆ ಚಿತ್ರಮಂದಿರಗಳ ಹೊರಗೆ ಚಿಲ್ಲರೆ ಕಾಸಿಗೆ ಹಾಡಿನ ಪುಸ್ತಕಗಳು ಮಾರಾಟವಾಗುತ್ತಿದ್ದವು; ತೆಳು ಕಾಗದ, ಮಸಕು ಅಚ್ಚು, ಕಥಾಸಾರಾಂಶವನ್ನು ಕುತೂಹಲದ ಘಟ್ಟದಲ್ಲಿ ನಿಲ್ಲಿಸಿ ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿರೆಂಬ ಒಕ್ಕಣೆ. ಅವುಗಳನ್ನು ಟ್ರಂಕಿನ ತಳದಿಂದ ತೆಗೆದು, ಪುಟಪುಟವನ್ನೂ ಪ್ರತಿಮಾಡಿ, ಹಾಡಿನ ಕವಿ ಯಾರು, ವಾದ್ಯಗೋಷ್ಠಿ ಯಾರದು, ವರ್ಷ ಯಾವುದು ಎಂದು ಅಂತರ್ಜಾಲದಲ್ಲಿ ಸೇರಿಸುತ್ತಿರುವವರಿದ್ದಾರೆ. ತಪ್ಪು ತೋರಿಸಿದರೆ ಅವರಿಗೆ ಸಿಟ್ಟು ಬರುವುದಿಲ್ಲ, ಸಂತೋಷವಾಗುತ್ತದೆ. ಎರಡು ಬಗೆಯ ಅಭಿಮಾನವನ್ನು ಬೇರ್ಪಡಿಸಲು ಇದಕ್ಕಿಂತ ಸರಳವಾದ ಒರೆಗಲ್ಲು ದೊರೆಯದು. ನಾಯಕನ ಚಿತ್ರ ಚೆನ್ನಾಗಿಲ್ಲವೆಂದರೆ ಕಟೌಟಿನ ಅಭಿಮಾನಿ ಹೊಡೆಯಲು ಬರುತ್ತಾನೆ. ವರ್ಷ 1963 ಅಲ್ಲ, 1964 ಎಂದರೆ ಹಾಡಿನ ಪುಸ್ತಕದ ಅಭಿಮಾನಿ ವಂದನೆ ಹೇಳಿ ತಿದ್ದಿಕೊಳ್ಳುತ್ತಾನೆ.

ಬೆಂಗಳೂರಿನ ಶಿಲಾಶಾಸನಗಳ ಹಿಂದೆ ಹೋದವರ ಕಥೆಯೂ ಅಂಥದೇ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟವನ್ನು ಹಿಡಿದು, ಇತಿಹಾಸದ ಪದವಿಯಿಲ್ಲದ ಸಾಮಾನ್ಯ ನಾಗರಿಕರು ರಜಾದಿನಗಳಲ್ಲಿ ಹಳ್ಳಿ ನುಂಗಿದ ಬಡಾವಣೆಗಳಲ್ಲಿ ಕಲ್ಲು ಹುಡುಕುತ್ತ ಹೊರಟರು. ಸಿಕ್ಕಿದ್ದನ್ನು ನಕ್ಷೆಯ ಮೇಲೆ ಗುರುತಿಸಿ ಎಲ್ಲರಿಗೂ ತೆರೆದಿಟ್ಟರು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ. ಶ. 750ರ ಕಿತ್ತಯ್ಯನ ವೀರಗಲ್ಲು ಆ ಉತ್ಸಾಹ ಉಳಿಸಿಕೊಟ್ಟದ್ದು. ಮುಂದೆ ಮಿಥಿಕ್ ಸೊಸೈಟಿಯೂ ಇಂಥ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುವ ಕಾರ್ಯ ಕೈಗೊಂಡಿತು. ಕಿತ್ತಯ್ಯನಿಗೆ ಅಭಿಮಾನಿ ಸಂಘವಿಲ್ಲ. ಅವನ ಕಲ್ಲಿಗೆ ಎದುರು ಬಣವೂ ಇಲ್ಲ. ಹೊಲದ ಬದುವಿನಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ನಿಷಿಧಿಗಳು ನಾಡಿನಲ್ಲಿ ಇನ್ನೆಷ್ಟೋ ಇವೆ. ಹೊಸ ಮಾನಸ್ತಂಭಕ್ಕೆ ದಾನಿಗಳನ್ನು ಹುಡುಕುವ ಧರ್ಮಸಂಸ್ಥೆಗಳು ಊರಿನ ಇಬ್ಬರು ಕಾಲೇಜು ಹುಡುಗರಿಗೆ ಒಂದು ಬೈಸಿಕಲ್ಲಿನ ಬಾಡಿಗೆ ಕೊಟ್ಟರೂ ಸಾಕು, ಅವು ಎದ್ದು ನಿಂತಾವು.

ಕಟೌಟಿನ ಅಭಿಮಾನಿಯೇ ಈ ದಾರಿಗೆ ಹೊರಳಿದ ಉದಾಹರಣೆಯೂ ಇಲ್ಲದಿಲ್ಲ. ರಾಜ್‌ಕುಮಾರರ ಮೊದಲ ನಾಯಕಪಾತ್ರವಾದ ಕಣ್ಣಪ್ಪ ಲಿಂಗದ ಕಣ್ಣಿನಲ್ಲಿ ರಕ್ತ ಕಂಡು ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡ. ಆ ಕಥೆಯ ಆಚಾರವಿಚಾರಗಳು ಜೈನ ಓದುಗರಿಗೆ ಸಮ್ಮತವಾಗಬೇಕಿಲ್ಲ; ಆದರೆ ಅವನು ಕಣ್ಣು ಕೊಟ್ಟನಲ್ಲದೆ ದೇವರನ್ನು ತನ್ನವನೆಂದು ಬೇಲಿ ಹಾಕಿಕೊಳ್ಳಲಿಲ್ಲ ಎಂಬುದನ್ನು ಮೆಚ್ಚಲೇಬೇಕು. 1994ರಲ್ಲಿ ತಮ್ಮ ಹೆಸರಿನ ನೇತ್ರಬ್ಯಾಂಕಿನ ಆರಂಭದಲ್ಲಿ ರಾಜ್‌ಕುಮಾರ್ ನೇತ್ರದಾನದ ಸಂಕಲ್ಪ ಮಾಡಿದರು. 2006ರಲ್ಲಿ ನಗರ ಉರಿಯುತ್ತಿದ್ದ ಹೊತ್ತಿನಲ್ಲಿಯೂ ಅದು ನೆರವೇರಿತು. 2021ರ ಅಕ್ಟೋಬರ್ 29ರಂದು ಅವರ ಕಿರಿಯ ಮಗ ಪುನೀತ್ 46ರ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ಅವರ ಕಣ್ಣುಗಳೂ ದಾನವಾದವು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯದ ಮೇಲ್ಪದರವನ್ನೂ ಒಳಪದರವನ್ನೂ ಬಿಡಿಸಿ, ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬರಿಸಿದರು.

ಆ ಮೂರು ದಿನ ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ಲಕ್ಷಾಂತರ ಮಂದಿ ಹಗಲಿರುಳು ನಿಂತರು, 2006 ಮರುಕಳಿಸಲಿಲ್ಲ. ದುಃಖ ತಾಳಲಾರದೆ ಕೆಲವರು ಪ್ರಾಣ ತೊರೆದ ವಾರ್ತೆಗಳು ಬಂದದ್ದೂ ನಿಜ, ಹಾಗೆ ಮಾಡಬೇಡಿರೆಂದು ಮನೆಯವರು ಕೈಮುಗಿದು ಬೇಡಿಕೊಂಡದ್ದೂ ನಿಜ. ಮಮತ್ವದ ಕೊಂಡಿ ಒಂದೇ ಸಾವಿಗೆ ಕಳಚುವಂಥದಲ್ಲ. ಆದರೆ ಅದೇ ವಾರಗಳಲ್ಲಿ ನೇತ್ರದಾನದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಲು ರಾಜ್ಯದ ಊರೂರುಗಳಲ್ಲಿ ತರುಣರು ಸಾಲುಗಟ್ಟಿದರು. ಕಟೌಟು ಕಟ್ಟುತ್ತಿದ್ದ ಸಂಘಗಳೇ ಶಿಬಿರ ನಡೆಸಿದವು. ಕಾರ್ನಿಯ ಪಡೆದವನು ಯಾರ ಅಭಿಮಾನಿಯೆಂದು ಕೇಳುವ ಪದ್ಧತಿ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಕೊಟ್ಟವನ ಹೆಸರು ಕಣ್ಣಿನ ಮೇಲೆ ಕೊರೆದಿರುವುದಿಲ್ಲ.

ಸಹಿ ಹಾಕುವುದು ಸುಲಭದ ಭಾಗ. ಸಹಿ ಮಾಡಿದವನು ಸತ್ತಾಗ ಫೋನು ಮಾಡಬೇಕಾದವರು ಮನೆಯವರು, ಅದೂ ಆರು ಗಂಟೆಯೊಳಗೆ. ಅವರ ಒಪ್ಪಿಗೆಯಿಲ್ಲದೆ ಪತ್ರಕ್ಕೆ ಬೆಲೆಯಿಲ್ಲ. ಅಳುವಿನ ಮನೆಯಲ್ಲಿ ಆ ಪತ್ರ ಎಲ್ಲಿದೆಯೆಂಬುದು ಯಾರಿಗೂ ನೆನಪಿರುವುದಿಲ್ಲ. ಆದುದರಿಂದ ಮಗನ ಪರ್ಸಿನಲ್ಲಿ ಅಂಥದೊಂದು ಚೀಟಿ ಕಂಡ ತಾಯಿತಂದೆಯರು ಅದನ್ನು ಅಪಶಕುನವೆಂದು ಹರಿಯದೆ, ನೇತ್ರಬ್ಯಾಂಕಿನ ಸಂಖ್ಯೆಯನ್ನು ಗೋಡೆಯ ಪಂಚಾಂಗದ ಮೇಲೆ ಬರೆದಿಡುವುದು ಒಳಿತು. ಕನ್ನಡಕ ಹಾಕುವವರೂ ಸಕ್ಕರೆಕಾಯಿಲೆಯವರೂ ಕಣ್ಣು ಕೊಡಬಹುದು. ಬಂದವರು ಕೆಲಸ ಮುಗಿಸುವುದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಮುಖ ವಿಕಾರವಾಗುವುದಿಲ್ಲ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಕೋಣೆಯ ಫ್ಯಾನನ್ನು ನಿಲ್ಲಿಸಬೇಕು.